ಮಂಡಿಯಲ್ಲಿ ಮತ್ತೆ ಮತ್ತೆ ನೀರು ತುಂಬುತ್ತಿದ್ದರೆ: ಪಿವಿಎನ್‌ಎಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಮೈಸೂರು, ಮಂಡ್ಯ ಮತ್ತು ಸುತ್ತಲ ತಾಲ್ಲೂಕುಗಳಿಂದ ಮಂಡಿ ನೋವು, ಸೊಂಟ ನೋವು ಅಂತ ಬರುವವರಲ್ಲಿ ಅಪರೂಪಕ್ಕೆ ಒಬ್ಬರ ಫೈಲಿನಲ್ಲಿ ಪಿವಿಎನ್‌ಎಸ್ ಅಂತ ಬರೆದಿರುತ್ತದೆ. ಆ ಒಬ್ಬರ ಪ್ರಶ್ನೆಗಳು ಉಳಿದವರೆಲ್ಲರ ಪ್ರಶ್ನೆಗಳಿಗಿಂತ ಜಾಸ್ತಿ. ಕನ್ನಡದಲ್ಲಿ ಓದಲು ಏನೂ ಸಿಗುವುದಿಲ್ಲ ಅನ್ನುವುದು ಎಲ್ಲರ ದೂರು. ಅದಕ್ಕೇ ಎದುರಿಗೆ ಕೂತು ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಪತ್ರದಲ್ಲಿ ಬರೆದಿದ್ದು ಎಲ್ಲವನ್ನೂ ಒಂದು ಕಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಆಪರೇಷನ್ನು, ಔಷಧಿ ತೀರ್ಮಾನ ಮಾಡುವವರು ನಿಮ್ಮ ಡಾಕ್ಟರು. ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದಕ್ಕೆ ಇದನ್ನು ಇಟ್ಟುಕೊಳ್ಳಿ.

## ಮೊದಲ ಗಾಬರಿ

ಏನಿದು ಪಿವಿಎನ್‌ಎಸ್ಸು? ನಮ್ಮ ಕಡೆ ಯಾರಿಗೂ ಬಂದಿದ್ದು ಕೇಳೇ ಇಲ್ಲವಲ್ಲ

ನಮ್ಮ ಕೀಲುಗಳ ಒಳಗೆ ತೆಳುವಾದ ಒಂದು ಪೊರೆ ಇರುತ್ತದೆ. ಕೀಲು ಸಲೀಸಾಗಿ ಆಡಲು ಬೇಕಾದ ಜಾರುವ ದ್ರವ ಬರುವುದು ಅದರಿಂದಲೇ. ಈ ಕಾಯಿಲೆಯಲ್ಲಿ ಆ ಪೊರೆ ದಪ್ಪವಾಗಿ ಬೆಳೆಯುತ್ತದೆ. ಎಳೆ ಎಳೆಯಾಗಿ, ಗಂಟು ಗಂಟಾಗಿ ಕೀಲಿನೊಳಗೆ ತುಂಬಿಕೊಳ್ಳುತ್ತದೆ. ಅದರಿಂದ ಆಗಾಗ ಸ್ವಲ್ಪ ಸ್ವಲ್ಪ ರಕ್ತ ಒಸರುತ್ತದೆ. ಆ ರಕ್ತದ ಕಬ್ಬಿಣದ ಅಂಶ ಪೊರೆಯಲ್ಲೇ ಉಳಿದು ಅದು ಕಂದು ಬಣ್ಣಕ್ಕೆ ತಿರುಗುತ್ತದೆ.

ಇದರಲ್ಲಿ ಎರಡು ಬಗೆ. ಒಂದೇ ಜಾಗದಲ್ಲಿ ಗಂಟಾಗಿ ನಿಲ್ಲುವುದು ಒಂದು. ಕೀಲಿನ ಪೊರೆಗೆಲ್ಲ ಹರಡಿಕೊಳ್ಳುವುದು ಇನ್ನೊಂದು. ನಿಮ್ಮದು ಯಾವ ಬಗೆ ಅಂತ ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಆಪರೇಷನ್ ಎಷ್ಟು ದೊಡ್ಡದು, ಮತ್ತೆ ಬರುತ್ತದಾ, ಮೂಳೆಗೆ ಏನಾಗುತ್ತದೆ, ಎಲ್ಲದರ ಉತ್ತರವೂ ಇದರ ಮೇಲೆ ನಿಂತಿದೆ.

ಹರಡುವ ಬಗೆ ಜಾಸ್ತಿ ಬರುವುದು ಮಂಡಿಗೆ. ಆಮೇಲೆ ಸೊಂಟದ ಕೀಲು, ಪಾದದ ಕೀಲು, ಮೊಣಕೈ, ಭುಜ. ಸಾಮಾನ್ಯವಾಗಿ 20ರಿಂದ 50 ವರ್ಷದೊಳಗಿನವರಲ್ಲಿ, ಒಂದೇ ಕೀಲಿನಲ್ಲಿ ಕಾಣಿಸುತ್ತದೆ.

ಯಾರಿಗೂ ಬಂದಿದ್ದು ಕೇಳಿಲ್ಲ ಅನ್ನುವುದು ಸಹಜ. ನೆದರ್ಲೆಂಡ್ಸ್‌ನಲ್ಲಿ ಮಾಡಿದ ಲೆಕ್ಕದ ಪ್ರಕಾರ ಹರಡುವ ಬಗೆ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ನಾಲ್ಕೈದು ಮಂದಿಗೆ ಬರುತ್ತದೆ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ. ಅದೇ ಲೆಕ್ಕ ಇಲ್ಲಿಗೂ ಹೊಂದುವುದಾದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಏಳರಿಂದ ಒಂಬತ್ತು ಜನ. ನಿಮ್ಮ ಊರಿನ ಡಾಕ್ಟರು ಇದನ್ನು ನೋಡೇ ಇಲ್ಲದಿದ್ದರೆ ಅದು ಅವರ ತಪ್ಪಲ್ಲ.

ನಿಜ ಹೇಳಿ, ಇದು ಕ್ಯಾನ್ಸರಾ? ಕಿದ್ವಾಯಿಗೆ ಹೋಗಿ ಅಂತ ಬರೆದು ಕೊಟ್ಟಿದ್ದಾರೆ

ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹರಡಿ ಜೀವ ತೆಗೆಯುವ ಗುಣ ಇದಕ್ಕಿಲ್ಲ. ಕ್ಯಾನ್ಸರ್ ಆಗಿ ತಿರುಗಿದ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿ ವರದಿಯಾಗಿರುವುದು ನಿಜ. ಆದರೆ ಅವು ತೀರಾ ಅಪರೂಪ.

ಹಾಗಿದ್ದರೆ ಬೆಂಗಳೂರಿನ ಕಿದ್ವಾಯಿ ಯಾಕೆ? ಕೀಲು, ಮೂಳೆಯಲ್ಲಿ ಬೆಳೆಯುವ ಗಡ್ಡೆಗಳನ್ನು ತೆಗೆದು ಅಭ್ಯಾಸ ಇರುವ ಸರ್ಜನ್‌ಗಳು, ರೇಡಿಯೇಷನ್ ಯಂತ್ರ, ಈ ಕಾಯಿಲೆಗೆ ಕೆಲಸಕ್ಕೆ ಬರುವ ಮಾತ್ರೆ ಕೊಟ್ಟು ಗೊತ್ತಿರುವ ಡಾಕ್ಟರು, ಎಲ್ಲ ಒಂದೇ ಕಡೆ ಸಿಗುವುದು ಸಾಮಾನ್ಯವಾಗಿ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ. ಬೋರ್ಡ್ ನೋಡಿ ಹೆದರಿ ವಾಪಸ್ ಬರಬೇಡಿ. ನೆಂಟರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಎಂಆರ್‌ಐ ರಿಪೋರ್ಟಿನಲ್ಲಿ ಪಿವಿಎನ್‌ಎಸ್, ಬಯಾಪ್ಸಿಯಲ್ಲಿ ಟಿಜಿಸಿಟಿ ಅಂತಿದೆ. ಎರಡು ಕಾಯಿಲೆ ಇದೆಯಾ ನನಗೆ?

ಇಲ್ಲ, ಎರಡೂ ಒಂದೇ. ಪಿವಿಎನ್‌ಎಸ್, ಅಂದರೆ ಪಿಗ್ಮೆಂಟೆಡ್ ವಿಲ್ಲೋನಾಡ್ಯುಲರ್ ಸೈನೋವೈಟಿಸ್ ಅನ್ನುವುದು 1941ರಿಂದ ಬಳಕೆಯಲ್ಲಿರುವ ಹಳೆ ಹೆಸರು. ಟಿಜಿಸಿಟಿ, ಅಂದರೆ ಟೀನೋಸೈನೋವಿಯಲ್ ಜೈಂಟ್ ಸೆಲ್ ಟ್ಯೂಮರ್ ಅನ್ನುವುದು ಈಗಿನ ಹೆಸರು. ಮೂಳೆಯೊಳಗೇ ಹುಟ್ಟುವ ಜೈಂಟ್ ಸೆಲ್ ಟ್ಯೂಮರ್ ಅಂತ ಬೇರೊಂದು ಕಾಯಿಲೆ ಇದೆ. ಗೂಗಲ್‌ನಲ್ಲಿ ಹುಡುಕುವವರು ಅದನ್ನು ಇದರ ಜೊತೆ ಕಲಸಿಕೊಂಡು ನಿದ್ದೆ ಕೆಡಿಸಿಕೊಳ್ಳುತ್ತಾರೆ.

ಗದ್ದೆ ಬದುವಿನ ಮೇಲೆ ಜಾರಿ ಬಿದ್ದಿದ್ದೆ. ಅದರಿಂದಲೇ ಬಂತಾ?

ಪೆಟ್ಟಿನಿಂದ ಈ ಕಾಯಿಲೆ ಬರುತ್ತದೆ ಅಂತ ಸಾಬೀತಾಗಿಲ್ಲ. ಬಿದ್ದ ಮೇಲೆ ಊತ ಕಂಡು ತೋರಿಸಲು ಹೋಗಿ, ಆಗ ಪತ್ತೆಯಾಗುವುದು ಬೇಕಾದಷ್ಟು ಸಲ ಆಗುತ್ತದೆ. ಊಟ, ನೀರು, ಹಿಂದಿನ ಚಿಕುನ್‌ಗುನ್ಯಾ, ಇವ್ಯಾವುದೂ ಕಾರಣವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಮಗಳಿಗೆ ಗಂಡು ನೋಡುತ್ತಿದ್ದೇವೆ. ಹುಟ್ಟೋ ಮಕ್ಕಳಿಗೆ ಬರುತ್ತಾ?

ಬರುವುದಿಲ್ಲ. ಬದಲಾವಣೆ ಆಗಿರುವುದು ಆ ಕೀಲಿನ ಪೊರೆಯ ಕೆಲವು ಕೋಶಗಳಲ್ಲಿ ಮಾತ್ರ. ಅಪ್ಪ ಅಮ್ಮನಿಂದ ಬಂದಿದ್ದಲ್ಲ, ಮಕ್ಕಳಿಗೆ ಹೋಗುವಂಥದ್ದೂ ಅಲ್ಲ. ಮದುವೆ, ಹೆರಿಗೆಗೆ ಇದು ಅಡ್ಡಿಯಲ್ಲ. ಆದರೆ ಈ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಬಸಿರಾಗುವ ಯೋಚನೆಗೆ ಮುಂಚೆಯೇ ಡಾಕ್ಟರಿಗೆ ಹೇಳಲೇಬೇಕು. ಆ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

ಬೆರಳ ಮೇಲೆ ಗೋಲಿಯಷ್ಟು ಗಂಟು ಇದೆ, ನೋವಿಲ್ಲ. ಅದೂ ಇದೇನಾ?

ಇರಬಹುದು. ಒಂದೇ ಗಂಟಾಗಿ ನಿಲ್ಲುವ ಬಗೆ ಬೆರಳುಗಳಲ್ಲೇ ಜಾಸ್ತಿ. ಗಟ್ಟಿಯಾಗಿ, ನಿಧಾನವಾಗಿ ಬೆಳೆಯುತ್ತದೆ. ಕುಡುಗೋಲು, ಮಚ್ಚು ಹಿಡಿಯುವಾಗ ಅಡ್ಡ ಬರುತ್ತದೆ ಅಂತ ಬರುವವರೇ ಹೆಚ್ಚು. ಚಿಕ್ಕ ಆಪರೇಷನ್ನಿನಲ್ಲಿ ತೆಗೆಯುತ್ತಾರೆ. ತೆಗೆದಿದ್ದನ್ನು ಲ್ಯಾಬಿಗೆ ಕಳಿಸಿದ್ದಾರಾ ಅಂತ ಮಾತ್ರ ಕೇಳಿ.

## ಪತ್ತೆ ಹಚ್ಚುವ ಹಂತ

ಮಂಡಿಯಿಂದ ನೀರು ತೆಗೆಸಿದೆ, ತಿಂಗಳಿಗೆ ಮತ್ತೆ ತುಂಬಿಕೊಂಡಿತು. ಎಷ್ಟು ಸಲ ಅಂತ ತೆಗೆಸೋದು?

ನನ್ನ ಪ್ರಕಾರ ಈ ಇಡೀ ಪುಟದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಸೂಜಿ ಹಾಕಿ ನೀರು ತೆಗೆದರೆ ಊತ ಇಳಿಯುತ್ತದೆ. ನೀರು ಬರಲು ಕಾರಣವಾದ ಪೊರೆ ಒಳಗೆ ಹಾಗೇ ಇರುತ್ತದೆ. ಅದೇ ಜಾಗಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೂ ಅಷ್ಟೇ. ಕೆಲವು ದಿನ ಹಾಯಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಮೊದಲ ಸಲ ನೀರು ತೆಗೆಯುವಾಗಲೇ ಅದರ ಬಣ್ಣ ಕೇಳಿ. ಮಂಡಿ ಸವೆತದ ನೀರು ಸಾಮಾನ್ಯವಾಗಿ ತಿಳಿ ಹಳದಿ ಇರುತ್ತದೆ. ಪೆಟ್ಟೇ ಬೀಳದೆ ರಕ್ತ ಬೆರೆತ ನೀರು ಬಂದರೆ, ಇಲ್ಲವೇ ಕಂದು ಬಣ್ಣದ್ದು ಬಂದರೆ, ಯಾಕೆ ಅಂತ ಹುಡುಕಲೇಬೇಕು. ಪಿವಿಎನ್‌ಎಸ್ ಒಂದು ಕಾರಣ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಇನ್ನೊಂದು, ಅದರಲ್ಲೂ ಹುಡುಗರಲ್ಲಿ. ಹಾಗಂತ ನೀರು ತಿಳಿಯಾಗಿ ಬಂದರೆ ಪಿವಿಎನ್‌ಎಸ್ ಇಲ್ಲ ಅಂತಲೂ ಅಲ್ಲ.

ವಯಸ್ಸು ಐವತ್ತರೊಳಗೆ, ಊದಿರುವುದು ಒಂದೇ ಮಂಡಿ, ಜ್ವರ ಇಲ್ಲ, ತೆಗೆದ ನೀರು ಮತ್ತೆ ಬಂದಿದೆ. ಇಷ್ಟಿದ್ದರೆ ಇನ್ನೊಂದು ಸಲ ಸೂಜಿ ಹಾಕಿಸುವ ಮೊದಲು ಎಂಆರ್‌ಐ ಬೇಕಾ ಅಂತ ಕೇಳಿ. ವರ್ಷಗಟ್ಟಲೆ ನೀರು ತೆಗೆಸಿಕೊಂಡು, ಆಮೇಲೆ ಸ್ಕ್ಯಾನ್ ಮಾಡಿಸಿ ಬರುವವರನ್ನು ನೋಡುವಾಗ ನನಗೆ ಬೇಜಾರಾಗುತ್ತದೆ.

ಎಕ್ಸ್‌ರೇ ನಾರ್ಮಲ್ ಅಂದ್ರು. ಸುಮ್ನೆ ಎಂಆರ್‌ಐಗೆ ದುಡ್ಡು ಯಾಕೆ?

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಪೊರೆ ಕಾಣುವುದಿಲ್ಲ. ಮಂಡಿಯಲ್ಲಿ ಈ ಕಾಯಿಲೆ ಚೆನ್ನಾಗಿ ಬೆಳೆದಿದ್ದರೂ ಎಕ್ಸ್‌ರೇ ನಾರ್ಮಲ್ ಬರಬಹುದು. ಎಂಆರ್‌ಐನಲ್ಲಿ ಕಬ್ಬಿಣ ಸೇರಿದ ಪೊರೆ ಕಪ್ಪಾಗಿ ಎದ್ದು ಕಾಣುತ್ತದೆ. ಗ್ರೇಡಿಯಂಟ್ ಎಕೋ ಅನ್ನುವ ಸರಣಿ ತೆಗೆದರೆ ಆ ಕಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ. ಅನುಮಾನ ಇದ್ದರೆ ಡಾಕ್ಟರು ಚೀಟಿಯಲ್ಲೇ ಅದನ್ನು ಬರೆದು ಕಳಿಸಬಹುದು. ಮಂಡಿಯ ಹಿಂಭಾಗದಲ್ಲಿ ಎಷ್ಟು ಹರಡಿದೆ, ಮೂಳೆಗೆ ತಾಗಿದೆಯಾ ಅನ್ನುವುದೂ ಇದರಲ್ಲೇ ಗೊತ್ತಾಗುವುದು. ಸರ್ಜನ್‌ಗೆ ಆಪರೇಷನ್ ಹೇಗೆ ಮಾಡಬೇಕು ಅಂತ ತೀರ್ಮಾನಿಸಲು ಇದು ಬೇಕೇ ಬೇಕು.

ರಕ್ತ ಪರೀಕ್ಷೆ ಎಲ್ಲಾ ಮಾಡಿಸಿದೆ, ಏನೂ ಇಲ್ಲ ಅಂತ ಬಂತು

ಈ ಕಾಯಿಲೆಯನ್ನು ಹಿಡಿಯುವ ರಕ್ತ ಪರೀಕ್ಷೆ ಇಲ್ಲ. ಉರಿಯೂತ, ಸಂಧಿವಾತ ನೋಡುವ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್ ಸಾಮಾನ್ಯವಾಗಿ ನಾರ್ಮಲ್ ಇರುತ್ತವೆ. ಅವನ್ನು ಮಾಡಿಸುವುದು ಬೇರೆ ಕಾಯಿಲೆ ಅಲ್ಲ ಅಂತ ಖಚಿತ ಮಾಡಿಕೊಳ್ಳಲು.

ಕೀಲಿನ ಟಿಬಿ ಇರಬಹುದು ಅಂತ ಮಾತ್ರೆ ಕೊಟ್ಟಿದ್ದಾರೆ. ಊತ ಇಳಿದಿಲ್ಲ

ನಮ್ಮ ದೇಶದಲ್ಲಿ ಒಂದೇ ಕೀಲು ತಿಂಗಳುಗಟ್ಟಲೆ ಊದಿದ್ದರೆ ಡಾಕ್ಟರಿಗೆ ಮೊದಲು ಹೊಳೆಯುವುದು ಟಿಬಿ. ಹೊಳೆಯಲೂ ಬೇಕು. ಟಿಬಿಯನ್ನು ತಪ್ಪಿಸಿಬಿಟ್ಟರೆ ಕೀಲೇ ಹೋಗುತ್ತದೆ. ಎರಡರಲ್ಲೂ ಪೊರೆ ದಪ್ಪವಾಗುತ್ತದೆ, ಎರಡೂ ಮೂಳೆ ಕೊರೆಯುತ್ತವೆ. ಹಾಗಾಗಿ ಒಂದನ್ನು ಇನ್ನೊಂದು ಅಂದುಕೊಳ್ಳುವುದು ಸುಲಭ.

ವ್ಯತ್ಯಾಸಗಳಿವೆ. ಟಿಬಿಯಲ್ಲಿ ಸಂಜೆ ಜ್ವರ, ತೂಕ ಇಳಿಯುವುದು, ಹಸಿವಾಗದಿರುವುದು ಇರಬಹುದು. ಆದರೆ ಕೀಲಿನ ಟಿಬಿ ಇರುವ ಎಲ್ಲರಿಗೂ ಇವು ಇರುವುದಿಲ್ಲ. ಟಿಬಿಯಲ್ಲಿ ಕೀಲಿನ ಅಕ್ಕಪಕ್ಕದ ಮೂಳೆ ಎಕ್ಸ್‌ರೇಯಲ್ಲಿ ಮಸುಕಾಗಿ, ಸೊರಗಿದಂತೆ ಕಾಣುತ್ತದೆ. ಪಿವಿಎನ್‌ಎಸ್‌ನಲ್ಲಿ ಮೂಳೆಯ ಗಟ್ಟಿತನ ಹಾಗೇ ಇರುತ್ತದೆ. ಎರಡು ಮೂಳೆಗಳ ನಡುವಿನ ಅಂತರವೂ ಬಹಳ ದಿನ ಸರಿಯಾಗೇ ಇರುತ್ತದೆ. ಅಲ್ಲಲ್ಲಿ ಕೊರೆದ ಗುರುತು ಮಾತ್ರ ಕಾಣುತ್ತದೆ.

ಕೊನೆಯ ಮಾತು ಹೇಳುವುದು ಬಯಾಪ್ಸಿ (ಪೊರೆಯ ಚೂರು ತೆಗೆದು ಲ್ಯಾಬಿನಲ್ಲಿ ನೋಡುವುದು) ಮತ್ತು ಕೀಲಿನ ಸ್ಯಾಂಪಲ್‌ನಲ್ಲಿ ಟಿಬಿ ರೋಗಾಣು ಹುಡುಕುವ ಜೀನ್‌ಎಕ್ಸ್‌ಪರ್ಟ್, ಕಲ್ಚರ್ ಪರೀಕ್ಷೆಗಳು. ಸ್ಯಾಂಪಲ್ ತೆಗೆಯದೆ ಟಿಬಿ ಮಾತ್ರೆ ಶುರುವಾಗಿದ್ದರೆ ಅದನ್ನು ತೆಗೆಯಬಹುದಾ ಅಂತ ಕೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ನಿಜಕ್ಕೂ ಟಿಬಿಯೇ ಆಗಿದ್ದರೆ ಅರ್ಧಕ್ಕೆ ಬಿಡುವುದು ತುಂಬಾ ಅಪಾಯ.

ಬಯಾಪ್ಸಿಗೆ ಸೂಜಿ ಚುಚ್ಚಿದರೆ ಗಡ್ಡೆ ಕೆರಳುತ್ತಂತೆ?

ಊರಿನಲ್ಲಿ ಎಲ್ಲ ಗಡ್ಡೆಗಳ ಬಗ್ಗೆಯೂ ಹೀಗೆ ಹೇಳುತ್ತಾರೆ. ಪಿವಿಎನ್‌ಎಸ್ ಬಯಾಪ್ಸಿಯಿಂದ ಕೆರಳಿ ಮೈಗೆಲ್ಲ ಹರಡುವುದಿಲ್ಲ. ಎಂಆರ್‌ಐ ಚಿತ್ರ ತೀರಾ ಸ್ಪಷ್ಟವಾಗಿದ್ದರೆ ಕೆಲವು ಸರ್ಜನ್‌ಗಳು ಬೇರೆ ಬಯಾಪ್ಸಿ ಮಾಡದೆ, ಆಪರೇಷನ್ನಿನಲ್ಲಿ ತೆಗೆದದ್ದನ್ನೇ ಲ್ಯಾಬಿಗೆ ಕಳಿಸುತ್ತಾರೆ. ಅನುಮಾನ ಇದ್ದರೆ ಮೊದಲೇ ಮಾಡುತ್ತಾರೆ.

## ಮೂಳೆಯ ವಿಷಯ

ನೋವೇ ಅಷ್ಟೊಂದಿಲ್ಲ, ಆದರೂ ಮೂಳೆ ತೂತಾಗಿದೆ ಅಂತಾರೆ. ಅದು ಹೇಗೆ?

ಮಂಡಿಯ ಕೀಲಿನ ಚೀಲ ದೊಡ್ಡದು, ಸಡಿಲವಾದದ್ದು. ಪೊರೆ ಬೆಳೆದರೂ ಅದಕ್ಕೆ ಜಾಗ ಸಿಗುತ್ತದೆ. ಮಂಡಿ ಹೊರಗೆ ಊದಿಕೊಳ್ಳುತ್ತದೆ, ಕಣ್ಣಿಗೆ ಕಾಣುತ್ತದೆ, ನೀವು ಡಾಕ್ಟರ ಹತ್ತಿರ ಹೋಗುತ್ತೀರಿ. ಸೊಂಟದ ಕೀಲು ಹಾಗಲ್ಲ. ಅದರ ಚೀಲ ಬಿಗಿ, ಮೇಲೆ ದಪ್ಪ ಸ್ನಾಯು. ಒಳಗೆ ಬೆಳೆದ ಪೊರೆಗೆ ಹೋಗಲು ಜಾಗವಿಲ್ಲ. ಅದು ಮೂಳೆಯ ಮೇಲೇ ಒತ್ತುತ್ತದೆ. ಮೂಳೆಗೆ ರಕ್ತನಾಳ ಹೋಗುವ ಸಣ್ಣ ಕಿಂಡಿಗಳ ಮೂಲಕ ಒಳಗೂ ನುಗ್ಗುತ್ತದೆ. ಹೊರಗೆ ಊತ ಕಾಣುವುದೇ ಇಲ್ಲ. ತೊಡೆಸಂದಿಯಲ್ಲಿ ಸಣ್ಣ ನೋವು, ಚಕ್ಕಂಬಕ್ಕಳ ಹಾಕಿ ಕೂರಲು ಕಷ್ಟ, ಅಷ್ಟೇ. ಎಕ್ಸ್‌ರೇ ತೆಗೆದಾಗ ಚೆಂಡಿನಂಥ ಮೂಳೆಯಲ್ಲೂ, ಅದು ಕೂರುವ ಗುಳಿಯಲ್ಲೂ, ಎರಡೂ ಕಡೆ ತೂತು ಕಾಣುತ್ತದೆ. ಪಾದದ ಕೀಲು, ಮೊಣಕೈ, ಭುಜದಲ್ಲೂ ಹೀಗಾಗಬಹುದು.

ಒತ್ತಡವೊಂದೇ ಕಾರಣವಲ್ಲ. ಈ ಪೊರೆಯಲ್ಲಿ ಮೂಳೆ ಕರಗಿಸುವ ಕೋಶಗಳನ್ನು ಹೋಲುವ ದೊಡ್ಡ ದೊಡ್ಡ ಕೋಶಗಳು ಇರುತ್ತವೆ. ಜೊತೆಗೆ ಪದೇ ಪದೇ ಒಸರುವ ರಕ್ತ ಮೂಳೆಯ ತುದಿಯ ನುಣುಪಾದ ಮೆದುಮೂಳೆಯನ್ನು ಹಾಳು ಮಾಡುತ್ತದೆ. ಮೂಳೆಯ ತೂತನ್ನು ಸರ್ಜನ್ ಕೆರೆದು ಬೇರೆ ಮೂಳೆ ತುಂಬಬಹುದು. ಮೆದುಮೂಳೆ ಹೋದರೆ ಹೋಯಿತು, ಅದು ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ನೋವು ಕಡಿಮೆ ಅಂತ ಸೊಂಟದ ಪಿವಿಎನ್‌ಎಸ್ ಅನ್ನು ಮುಂದೂಡಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಕ್ಯಾಲ್ಸಿಯಂ ಮಾತ್ರೆ ತಗೊಂಡರೆ ತೂತು ತುಂಬಿಕೊಳ್ಳಲ್ವಾ?

ಇಲ್ಲ. ಇದು ಕ್ಯಾಲ್ಸಿಯಂ ಕಡಿಮೆಯಾಗಿ ಆದ ತೂತಲ್ಲ.

ಕೀಲಿನಲ್ಲಿ ಕಬ್ಬಿಣ ಸೇರಿಕೊಂಡಿದೆಯಂತೆ. ರಾಗಿ, ನುಗ್ಗೆಸೊಪ್ಪು ಬಿಟ್ಟುಬಿಡಲಾ?

ಬಿಡಬೇಡಿ. ಆ ಕಬ್ಬಿಣ ಬಂದಿರುವುದು ಕೀಲಿನೊಳಗೆ ಒಸರಿದ ನಿಮ್ಮದೇ ರಕ್ತದಿಂದ, ಊಟದಿಂದಲ್ಲ. ಮುದ್ದೆ ಬಿಟ್ಟರೆ ಸುಸ್ತಾಗುವುದು ನೀವೇ. ಈ ಕಾಯಿಲೆಗೆ ಅಂತ ಪಥ್ಯ ಯಾವುದೂ ಇಲ್ಲ.

## ಚಿಕಿತ್ಸೆ

ಆಪರೇಷನ್ ಇಲ್ಲದೆ ಎಣ್ಣೆ ತಿಕ್ಕಿ, ಕಟ್ಟು ಕಟ್ಟಿಸಿದರೆ ಹೋಗಲ್ವಾ?

ಮೇಲಿನಿಂದ ತಿಕ್ಕಿದ್ದು ಆ ಪೊರೆಯನ್ನು ಕರಗಿಸುವುದಿಲ್ಲ. ಜೋರಾಗಿ ತಿಕ್ಕಿದರೆ ಒಳಗೆ ಇನ್ನಷ್ಟು ರಕ್ತ ಒಸರಬಹುದು. ಬಿಗಿಯಾಗಿ ಕಟ್ಟು ಕಟ್ಟಿ ವಾರಗಟ್ಟಲೆ ಕಾಲು ಆಡಿಸದಿದ್ದರೆ ತೊಡೆಯ ಸ್ನಾಯು ಬತ್ತುತ್ತದೆ, ಮಂಡಿ ಬಿಗಿಯುತ್ತದೆ. ಆಮೇಲೆ ಅದನ್ನು ಸರಿ ಮಾಡಲು ನನ್ನಂಥವರ ಹತ್ತಿರ ಬರುತ್ತೀರಿ. ನಮ್ಮ ಫಿಸಿಯೋಥೆರಪಿಯೂ ಈ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಕೀಲಿನ ಓಡಾಟ ಮತ್ತು ಸ್ನಾಯುವಿನ ಬಲ ಉಳಿಸುತ್ತದೆ, ಅಷ್ಟೇ. ವಾಸಿ ಮಾಡುತ್ತೇನೆ ಅಂತ ಯಾವ ಫಿಸಿಯೋ ಹೇಳಿದರೂ ನಂಬಬೇಡಿ.

ಊತ ಇದೆ, ಆದರೆ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಕಾಯಬಹುದಾ?

ಕೆಲವರು ಕಾಯಬಹುದು. ಮೂಳೆ, ಮೆದುಮೂಳೆ ಚೆನ್ನಾಗಿದ್ದು, ನಿಮಗೆ ತೊಂದರೆಯೂ ಕಡಿಮೆ ಇದ್ದರೆ, ಆಗಾಗ ಎಂಆರ್‌ಐ ಮಾಡಿಸುತ್ತಾ ನೋಡುವ ದಾರಿಯನ್ನು ಈಗಿನ ಡಾಕ್ಟರುಗಳು ಒಪ್ಪುತ್ತಾರೆ. ಹೀಗೆ ಕಾಯುವುದು ಬೇರೆ, ತೋರಿಸದೆ ಮರೆತುಬಿಡುವುದು ಬೇರೆ. ಸ್ಕ್ಯಾನಿಗೆ ತಪ್ಪದೆ ಹೋಗುವವರಿಗೆ ಮಾತ್ರ ಇದು ಸರಿ.

ಸಣ್ಣ ತೂತಿನ ಆಪರೇಷನ್ ಸಾಕಾ, ಕೊಯ್ದೇ ತೆಗೆಯಬೇಕಾ?

ಒಂದೇ ಗಂಟು ಇದ್ದರೆ ಆರ್ಥ್ರೋಸ್ಕೋಪಿ ಅನ್ನುವ ಸಣ್ಣ ತೂತಿನ ಆಪರೇಷನ್ನಿನಲ್ಲಿ ಬಹುತೇಕ ಮುಗಿಯುತ್ತದೆ. ಮಂಡಿ ಇದ್ದಕ್ಕಿದ್ದಂತೆ ಲಾಕ್ ಆಗುವವರಲ್ಲಿ ಕೆಲವರಿಗೆ ಇಂಥ ಗಂಟೇ ಕಾರಣವಾಗಿರುತ್ತದೆ. ಮಂಡಿಯೊಳಗಿನ ಗಾದಿ ಹರಿದಿದೆ ಅಂತ ಒಳಗೆ ನೋಡಿದಾಗ ಇದು ಸಿಗುವುದೂ ಉಂಟು.

ಹರಡಿರುವ ಬಗೆಯಲ್ಲಿ ಕಾಯಿಲೆ ಹಿಡಿದ ಪೊರೆಯನ್ನು ಆದಷ್ಟು ಪೂರ್ತಿ ತೆಗೆಯಬೇಕು. ಇದಕ್ಕೆ ಸೈನೋವೆಕ್ಟಮಿ ಅಂತಾರೆ. ಮುಂಭಾಗವನ್ನು ಆರ್ಥ್ರೋಸ್ಕೋಪಿಯಲ್ಲಿ ತಲುಪಬಹುದು. ಕಷ್ಟ ಇರುವುದು ಮಂಡಿಯ ಹಿಂದೆ. ಕಾಲಿಗೆ ಹೋಗುವ ದೊಡ್ಡ ರಕ್ತನಾಳ, ನರ ಅಲ್ಲೇ ಇವೆ. ಹಿಂದೆ ಜಾಸ್ತಿ ಹರಡಿದ್ದರೆ ಅಲ್ಲಿ ಕೊಯ್ದು ತೆಗೆಯಬೇಕಾಗುತ್ತದೆ. ಕೆಲವು ಸಲ ಎರಡನ್ನೂ ಸೇರಿಸಿ ಮಾಡುತ್ತಾರೆ. ಗಾಯ ಚಿಕ್ಕದಿರಲಿ ಅಂತ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಇಲ್ಲಿ ನೋಡಬೇಕಾದ್ದು ಎಷ್ಟು ಪೂರ್ತಿ ತೆಗೆಯುತ್ತಾರೆ ಅನ್ನುವುದನ್ನು. "ಮಂಡಿಯ ಹಿಂಭಾಗದ್ದನ್ನು ಹೇಗೆ ತೆಗೆಯುತ್ತೀರಿ? ಇಂಥ ಆಪರೇಷನ್ ಮುಂಚೆ ಮಾಡಿದ್ದೀರಾ?" ಅಂತ ಸರ್ಜನ್‌ಗೆ ನೇರವಾಗಿ ಕೇಳಿ. ಒಳ್ಳೆಯ ಸರ್ಜನ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲ ಆಪರೇಷನ್ ಸರಿಯಾಗಿ ಆಗುವುದು ಮುಖ್ಯ. ಎರಡನೆಯದು ಗಾಯ ಒಣಗಿ ಅಂಟಿಕೊಂಡ ಜಾಗದಲ್ಲಿ ಮಾಡಬೇಕು, ಅದು ಇನ್ನೂ ಕಷ್ಟ.

ತೆಗೆಸಿದ ಮೇಲೆ ಮತ್ತೆ ಬರುತ್ತಾ?

ಒಂದೇ ಗಂಟಿನ ಬಗೆ ಮತ್ತೆ ಬರುವುದು ಕಡಿಮೆ. ಹರಡುವ ಬಗೆ ಗದ್ದೆಯಲ್ಲಿನ ಜೇಕಿನ ಹಾಗೆ, ಒಂದು ಚೂರು ಗಡ್ಡೆ ಉಳಿದರೂ ಮತ್ತೆ ಚಿಗುರುತ್ತದೆ. ಹಲವು ದೇಶಗಳ ಸಾವಿರದಷ್ಟು ರೋಗಿಗಳ ಮಾಹಿತಿ ಸೇರಿಸಿ 2019ರಲ್ಲಿ ಬಂದ ಅಧ್ಯಯನದಲ್ಲಿ, ಹರಡುವ ಬಗೆಯವರಲ್ಲಿ ನೂರಕ್ಕೆ 44 ಜನಕ್ಕೆ ಮತ್ತೆ ಬಂದಿತ್ತು. ಆಪರೇಷನ್ ಆಗಿ ವರ್ಷಗಳಾದ ಮೇಲೂ ಬರಬಹುದು. ಬಂದರೆ ಆಪರೇಷನ್ ಕೆಟ್ಟಿತು, ಡಾಕ್ಟರು ಸರಿಯಿಲ್ಲ ಅಂತ ತಕ್ಷಣ ತೀರ್ಮಾನಿಸಬೇಡಿ. ಕಾಯಿಲೆಯ ಗುಣವೇ ಅಂಥದ್ದು.

ರೇಡಿಯೇಷನ್ ಕೊಡೋಣ ಅಂದಿದ್ದಾರೆ. ಕ್ಯಾನ್ಸರ್ ಅಲ್ಲ ಅಂದ ಮೇಲೆ ಅದ್ಯಾಕೆ?

ಪೂರ್ತಿ ತೆಗೆಯಲಾಗದೆ ಉಳಿದದ್ದು ಬೆಳೆಯದಿರಲಿ ಅಂತ. ಹೊರಗಿನಿಂದ ಕೊಡುವುದೂ ಉಂಟು, ಯಿಟ್ರಿಯಂ-90 ಅನ್ನುವ ವಿಕಿರಣ ವಸ್ತುವನ್ನು ಕೀಲಿನೊಳಗೆ ಬಿಡುವುದೂ ಉಂಟು. ಚರ್ಮಕ್ಕೆ ತೊಂದರೆ, ಕೀಲು ಬಿಗಿಯುವುದು, ಬಹಳ ವರ್ಷಗಳ ನಂತರ ಆ ಜಾಗದಲ್ಲಿ ಕ್ಯಾನ್ಸರ್ ಬರುವ ಸಣ್ಣ ಅಪಾಯ, ಇವು ಇದರ ಕೆಟ್ಟ ಮುಖ. ವಯಸ್ಸು ಚಿಕ್ಕದಿದ್ದರೆ ಈ ಲೆಕ್ಕಾಚಾರ ಚೆನ್ನಾಗಿ ಮಾಡಬೇಕು. ಬೇರೆ ದಾರಿ ಏನಿದೆ ಅಂತ ಕೇಳಿ, ಎರಡನೇ ಅಭಿಪ್ರಾಯ ತೆಗೆದುಕೊಂಡೇ ಒಪ್ಪಿಕೊಳ್ಳಿ.

ಬಿಪಿಎಲ್ ಕಾರ್ಡ್ ಇದೆ. ಖರ್ಚಿಗೆ ಏನಾದರೂ ದಾರಿ ಇದೆಯಾ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತಲ್ಲದ ಆಪರೇಷನ್ನಿಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ಇದೆ. ಅಲ್ಲಿ ಆಗದಿದ್ದರೆ ಅವರು ಬೇರೆ ಕಡೆಗೆ ಬರೆದು ಕೊಡುತ್ತಾರೆ. ಆ ಪತ್ರ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿಕೊಂಡು ಆಮೇಲೆ ಒದ್ದಾಡುವವರಿದ್ದಾರೆ.

ಹಾಲಿನ ಡೇರಿ, ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡ್ ಮಾಡಿಸಿದ್ದೀರಾ ನೋಡಿಕೊಳ್ಳಿ. ನಿಂತುಹೋಗಿದ್ದ ಆ ಯೋಜನೆ 2022-23ರಲ್ಲಿ ಮತ್ತೆ ಶುರುವಾಯಿತು. ಪಿವಿಎನ್‌ಎಸ್ ಅನ್ನುವ ಹೆಸರಿಗಿಂತ ಸೈನೋವೆಕ್ಟಮಿ, ಆರ್ಥ್ರೋಸ್ಕೋಪಿ ಅಂತ ಆಪರೇಷನ್ನಿನ ಹೆಸರು ಹೇಳಿ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಹತ್ತಿರ ವಿಚಾರಿಸಿ. ಪ್ಯಾಕೇಜುಗಳು ಇರುವುದು ಆಪರೇಷನ್ನಿನ ಲೆಕ್ಕದಲ್ಲಿ.

## ಆಪರೇಷನ್ ಆದ ಮೇಲೆ

ಕಾಲು ಮಡಚಿದರೆ ಪ್ರಾಣ ಹೋಗುತ್ತೆ. ಗಾಯ ವಾಸಿಯಾದ ಮೇಲೆ ವ್ಯಾಯಾಮ ಮಾಡಿದರೆ ಆಗಲ್ವಾ?

ಆಗುವುದಿಲ್ಲ. ಹರಡಿದ ಪೊರೆ ತೆಗೆದ ಮೇಲೆ ಮಂಡಿ ಬೇಗ ಬಿಗಿಯುತ್ತದೆ. ಒಳಗೆ ಅಂಟು ಕಟ್ಟಿಕೊಂಡರೆ ಮತ್ತೆ ಅರಿವಳಿಕೆ ಕೊಟ್ಟು ಮಂಡಿ ಮಡಚಿಸುವ ಪರಿಸ್ಥಿತಿ ಬರುತ್ತದೆ. ಸರ್ಜನ್ ಬೇರೆ ಹೇಳದಿದ್ದರೆ ಮೊದಲ ದಿನಗಳಿಂದಲೇ ಶುರು ಮಾಡುತ್ತೇವೆ. ಪಾದ ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿಹಿಡಿದು ಬಿಡುವುದು, ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮಂಡಿ ಮಡಚುವುದು. ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಆಮೇಲೆ ಐಸ್ ಇಡಿ.

ಮನೆಯವರು ಪ್ರೀತಿಯಿಂದ ಮಾಡುವ ಒಂದು ಕೆಲಸ ನನಗೆ ದೊಡ್ಡ ತಲೆನೋವು. ರೋಗಿಗೆ ಹಾಯಾಗಿರಲಿ ಅಂತ ಮಂಡಿ ಕೆಳಗೆ ದಿಂಬು ಇಡುತ್ತಾರೆ. ಹಾಗೇ ಮಲಗಿದ್ದರೆ ಮಂಡಿ ಅರೆ ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ಆಮೇಲೆ ಕುಂಟುತ್ತಾ ನಡೆಯಬೇಕಾಗುತ್ತದೆ. ದಿಂಬು ಹಿಮ್ಮಡಿ ಕೆಳಗೆ ಇಡಿ. ಮಂಡಿ ನೇರವಾಗಲಿ. ಪೂರ್ತಿ ಮಡಚಲು ಬಾರದಿದ್ದರೂ ಬದುಕು ನಡೆಯುತ್ತದೆ, ನೇರ ಆಗದಿದ್ದರೆ ಪ್ರತಿ ಹೆಜ್ಜೆಗೂ ಕಷ್ಟ.

ಮೀನಖಂಡ ಊದಿ ಬಿಗಿಯಾಗಿ ನೋಯುತ್ತಿದ್ದರೆ, ಜ್ವರ ಬಂದರೆ, ಗಾಯದಿಂದ ಕೀವು ಬಂದರೆ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ನೆಲದ ಮೇಲೆ ಕೂತು ಉಣ್ಣೋದು, ನಾಟಿ ಮಾಡೋದು, ಬೆಟ್ಟ ಹತ್ತೋದು ಎಲ್ಲಾ ಬಿಡಬೇಕಾ?

ಮೆದುಮೂಳೆ ಚೆನ್ನಾಗಿದ್ದರೆ ಎಲ್ಲವನ್ನೂ ಬಿಡಬೇಕಾಗಿಲ್ಲ. ಮೊದಲ ಕೆಲವು ತಿಂಗಳು ಕುರ್ಚಿಯಲ್ಲಿ ಕೂತು ಉಣ್ಣಿ, ಕಮೋಡ್ ಬಳಸಿ. ಹಳ್ಳಿ ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಮಧ್ಯೆ ತೂತಿರುವ ಕುರ್ಚಿ ಸಿಗುತ್ತದೆ, ಅದನ್ನು ಪಾಯಿಖಾನೆ ಮೇಲೆ ಇಟ್ಟುಕೊಳ್ಳಬಹುದು. ತೊಡೆಗೆ ಬಲ ಬಂದ ಮೇಲೆ ನೆಲದಲ್ಲಿ ಕೂರುವುದನ್ನು ಒಂದೊಂದೇ ಹಂತವಾಗಿ ಕಲಿಸುತ್ತೇವೆ. ನಾಟಿ, ಕಳೆ ಕೀಳುವ ಕೆಲಸದಲ್ಲಿ ಬಗ್ಗುವುದಕ್ಕಿಂತ ಕೆಸರಿನಲ್ಲಿ ಕಾಲು ಸಿಕ್ಕಿ ತಿರುಚುವುದು ಜಾಸ್ತಿ ಅಪಾಯ. ಹಾಗಾಗಿ ಅದು ಕೊನೆಗೆ.

ನಡಿಗೆಗೆ ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿಯಂಥ ಸಮತಟ್ಟಾದ ಜಾಗ ಒಳ್ಳೆಯದು. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಹರಕೆ ಹೊತ್ತವರು ತುಂಬಾ ಜನ ಇದ್ದಾರೆ! ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಭಾರ. ಬಲ ಬಂದ ಮೇಲೆ ನಿಧಾನವಾಗಿ ಹತ್ತಿ, ದರ್ಶನ ಮಾಡಿ, ಬಸ್ಸಿನಲ್ಲಿ ಇಳಿಯಿರಿ. ತಾಯಿ ಒಪ್ಪುತ್ತಾಳೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಇದು ಉರಿಯೂತವಾ, ಗಡ್ಡೆಯಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ

ಡಾಕ್ಟರುಗಳಲ್ಲೇ ದಶಕಗಳ ಕಾಲ ಈ ಚರ್ಚೆ ಇತ್ತು. 1941ರಲ್ಲಿ ಜಾಫೆ, ಲಿಕ್ಟೆನ್‌ಸ್ಟೈನ್, ಸುಟ್ರೊ ಎಂಬ ಅಮೆರಿಕದ ವೈದ್ಯರು ಇದನ್ನು ವಿವರಿಸಿದಾಗ ಉರಿಯೂತದ ಸಾಲಿಗೆ ಸೇರಿಸಿದ್ದರು. 2006ರ ಸುಮಾರಿಗೆ ಚಿತ್ರ ಸ್ಪಷ್ಟವಾಯಿತು. ಪೊರೆಯ ಕೆಲವೇ ಕೋಶಗಳಲ್ಲಿ ಕ್ರೋಮೋಸೋಮ್ ತುಂಡುಗಳು ಜಾಗ ಬದಲಾಯಿಸಿ, ಸಿಎಸ್‌ಎಫ್1 ಅನ್ನುವ ಪ್ರೋಟೀನ್ ಮಿತಿಮೀರಿ ತಯಾರಾಗುತ್ತದೆ. ಈ ಪ್ರೋಟೀನ್ ಮ್ಯಾಕ್ರೋಫೇಜ್ ಅನ್ನುವ ರಕ್ಷಣಾ ಕೋಶಗಳನ್ನು ರಕ್ತದಿಂದ ಕೀಲಿಗೆ ಎಳೆಯುತ್ತದೆ. ಅವು ಬಂದು ಗುಂಪುಗೂಡುತ್ತವೆ. ನೀವು ಎಂಆರ್‌ಐನಲ್ಲಿ ನೋಡುವ ರಾಶಿಯಲ್ಲಿ ನಿಜವಾದ ಗಡ್ಡೆಯ ಕೋಶಗಳು ಸ್ವಲ್ಪವೇ, ಉಳಿದದ್ದೆಲ್ಲ ಹೀಗೆ ಕರೆಸಿಕೊಂಡ ಗುಂಪು. ಮೂಳೆ ಕರಗಿಸುವ ಕೋಶಗಳು ತಯಾರಾಗಲೂ ಇದೇ ಸಿಎಸ್‌ಎಫ್1 ಬೇಕು. ಗಡ್ಡೆಯೂ ಹೌದು, ಉರಿಯೂತದ ಲಕ್ಷಣವೂ ಇದೆ. ಇಬ್ಬರು ಹೇಳುವುದೂ ನಿಜ.

ಈಗ ಮಾತ್ರೆ ಬಂದಿದೆಯಂತೆ, ಆಪರೇಷನ್ ಬೇಡವಂತೆ?

ಮಾತ್ರೆ ಬಂದಿರುವುದು ನಿಜ. ಎಲ್ಲರಿಗೂ ಅಲ್ಲ. ಸಿಎಸ್‌ಎಫ್1ನ ಸಂದೇಶ ತಲುಪದಂತೆ ತಡೆಯುವ ಪೆಕ್ಸಿಡಾರ್ಟಿನಿಬ್‌ಗೆ 2019ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 120 ಜನರ ಪ್ರಯೋಗದಲ್ಲಿ, ಮಾತ್ರೆ ತೆಗೆದುಕೊಂಡವರಲ್ಲಿ ಶೇ 39ರಷ್ಟು ಜನರ ಗಡ್ಡೆ ಗಮನಾರ್ಹವಾಗಿ ಕುಗ್ಗಿತು. ಸುಮ್ಮನೆ ಸಪ್ಪೆ ಮಾತ್ರೆ ತೆಗೆದುಕೊಂಡವರಲ್ಲಿ ಯಾರಿಗೂ ಕುಗ್ಗಲಿಲ್ಲ. ಆದರೆ ಕೆಲವರ ಲಿವರ್‌ಗೆ ಗಂಭೀರ ಪೆಟ್ಟು ಬಿತ್ತು. ಅದಕ್ಕೇ ಅಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆಯೊಂದಿಗೆ ಮಾತ್ರ ಕೊಡಲು ಒಪ್ಪಿದರು. ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಒಪ್ಪಿಗೆಯನ್ನೇ ಕೊಡಲಿಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕ ವಿಮ್ಸೆಲ್ಟಿನಿಬ್ ಎಂಬ ಇನ್ನೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದನ್ನು ವಾರಕ್ಕೆ ಎರಡು ಸಲ ತೆಗೆದುಕೊಳ್ಳಬೇಕು. ಕಣ್ಣಿನ ಸುತ್ತ ಊತ, ತುರಿಕೆ ಅದರ ಸಾಮಾನ್ಯ ತೊಂದರೆಗಳು.

ಎರಡಕ್ಕೂ ಒಪ್ಪಿಗೆ ಸಿಕ್ಕಿದ್ದು ಆಪರೇಷನ್ನಿನಿಂದ ಪ್ರಯೋಜನವಾಗದ, ಅಥವಾ ಆಪರೇಷನ್ ಮಾಡಿದರೆ ಕೀಲು ಇನ್ನೂ ಕೆಡುವ ರೋಗಿಗಳಿಗೆ. ನಮ್ಮ ದೇಶದಲ್ಲೇ ತಯಾರಾಗುವ ಇಮ್ಯಾಟಿನಿಬ್ ಎಂಬ ರಕ್ತದ ಕ್ಯಾನ್ಸರ್ ಮಾತ್ರೆಯನ್ನೂ ಇದಕ್ಕೆ ಕೊಟ್ಟು ನೋಡಿದ್ದಾರೆ. ಸುಮಾರು ಐವರಲ್ಲಿ ಒಬ್ಬರಿಗೆ ಗಡ್ಡೆ ಕುಗ್ಗಿದೆ, ಹಲವರಿಗೆ ಬೆಳವಣಿಗೆ ನಿಂತಿದೆ. ಮೆಡಿಕಲ್ ಆಂಕಾಲಜಿಸ್ಟ್ (ಔಷಧಿಯಿಂದ ಕ್ಯಾನ್ಸರ್ ಚಿಕಿತ್ಸೆ ಮಾಡುವ ಡಾಕ್ಟರು) ಹತ್ತಿರ ಮಾತಾಡದೆ ಇದ್ಯಾವುದನ್ನೂ ಮುಟ್ಟಬೇಡಿ. ಆಗಾಗ ಲಿವರ್ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಸೊಂಟದ ಕೀಲು ಹಾಳಾಗಿದೆ, ಬದಲಾಯಿಸಿಬಿಡಿ ಅಂತಾರೆ. ವಯಸ್ಸು ಮೂವತ್ತೈದು

ಮೆದುಮೂಳೆ ಪೂರ್ತಿ ಹೋಗಿದ್ದರೆ ಬರೀ ಪೊರೆ ತೆಗೆಸಿದರೆ ನೋವು ಹೋಗುವುದಿಲ್ಲ. ಆಗ ಪೊರೆ ತೆಗೆದು, ಕೃತಕ ಕೀಲು ಹಾಕುವುದೇ ಸರಿ ಅಂತ ಬಹಳ ಸರ್ಜನ್‌ಗಳು ಹೇಳುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಹಾಕಿಸಿದರೆ ಮುಂದೆ ಒಂದು ಸಲವಾದರೂ ಅದನ್ನು ಬದಲಾಯಿಸಬೇಕಾಗಿ ಬರಬಹುದು. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಕೃತಕ ಕೀಲು ಹಾಕಿದ ಮೇಲೂ ಉಳಿದ ಪೊರೆಯಲ್ಲಿ ಕಾಯಿಲೆ ಮತ್ತೆ ಬರಬಹುದು.

ಇನ್ನೆಷ್ಟು ವರ್ಷ ಸ್ಕ್ಯಾನ್ ಮಾಡಿಸ್ತಾ ಇರಬೇಕು? ಹಳೇ ಸಿಡಿ ಎಲ್ಲಾ ಬಿಸಾಕಬಹುದಾ?

ಹರಡುವ ಬಗೆಯವರು ಹಲವು ವರ್ಷ ಡಾಕ್ಟರ ಸಂಪರ್ಕದಲ್ಲಿ ಇರಬೇಕು. ಎಷ್ಟು ತಿಂಗಳಿಗೊಮ್ಮೆ ಅನ್ನುವುದನ್ನು ಅವರೇ ಹೇಳುತ್ತಾರೆ. ಆಪರೇಷನ್ನಿಗೆ ಮುಂಚಿನದು, ಆಪರೇಷನ್ ಆಗಿ ಊತ ಇಳಿದ ಮೇಲಿನದು, ಈ ಎರಡು ಎಂಆರ್‌ಐ ಸಿಡಿಗಳನ್ನು ಜೋಪಾನ ಮಾಡಿ. ಮುಂದೆ ಏನಾದರೂ ಕಂಡರೆ ಅದು ಹೊಸದಾ, ಮೊದಲೇ ಉಳಿದಿದ್ದಾ ಅಂತ ಹೋಲಿಸಿ ನೋಡಲು ಅವೇ ಬೇಕು. ಬರೀ ರಿಪೋರ್ಟ್ ಕಾಗದ ಸಾಲುವುದಿಲ್ಲ. ಈಗಿನ ಕಂಪ್ಯೂಟರುಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ, ಹಾಗಾಗಿ ಯಾರ ಹತ್ತಿರವಾದರೂ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಬಯಾಪ್ಸಿಯ ಗಾಜಿನ ಸ್ಲೈಡು, ಮೇಣದ ಬ್ಲಾಕು ಲ್ಯಾಬಿನಲ್ಲಿ ಇರುತ್ತವೆ. ಬೇರೆ ಊರಿಗೆ ಎರಡನೇ ಅಭಿಪ್ರಾಯಕ್ಕೆ ಹೋಗುವ ಮುಂಚೆ ಬರೆದು ಕೊಟ್ಟು ಅವನ್ನು ಪಡೆದುಕೊಳ್ಳಿ.